ಹಿಂದಕ್ಕೆ ನಡೆದ ಬೀದಿ

ಭಾನುವಾರ, ಮಾರ್ಚ್ ೯
ಬೆಳಿಗ್ಗೆ ಹತ್ತು ಗಂಟೆ

ಅಪ್ಪಾ,

ಶಾಲೆಯಲ್ಲಿ ಕಲಿಸಿದ ಹಾಗೆ ‘ತೀರ್ಥರೂಪು ತಂದೆಯವರಿಗೆ’ ಎಂದು ಶುರು ಮಾಡಿದ್ದೆ. ಎರಡು ಸಾಲು ಬರೆದು ಓದಿಕೊಂಡರೆ ಹೆಡ್‌ಮಾಸ್ತರಿಗೆ ಕೊಡುವ ರಜೆ ಚೀಟಿಯ ಹಾಗಿತ್ತು. ಹರಿದು ಹಾಕಿದೆ. ಹೇಗಿದ್ದೀರಿ? ಮಂಡಿ ನೋವು ಹೇಗಿದೆ? ನಾನು ಚೆನ್ನಾಗಿದ್ದೇನೆ, ಸ್ವಲ್ಪ ಸಣ್ಣಗಾಗಿದ್ದೇನೆ, ಅದಕ್ಕೆ ಮೂರನೇ ಮಹಡಿಯ ಬಾಡಿಗೆ ಕೋಣೆ ಕಾರಣವೇ ಹೊರತು ಹಸಿವಲ್ಲ ಎಂದು ಅಮ್ಮನಿಗೆ ಹೇಳಿ. ಒಂಬತ್ತು ತಿಂಗಳು ನಿಮಗೆ ಒಂದಕ್ಷರ ಬರೆಯಲಿಲ್ಲ. ತಪ್ಪಾಯಿತು ಎನ್ನುವುದನ್ನು ಮೊದಲೇ ಬರೆದು ಮುಗಿಸೋಣವೆಂದರೆ ಪೆನ್ನು ಮುಷ್ಕರ ಹೂಡುತ್ತಿದೆ. ಆದ್ದರಿಂದ ಮೊದಲು ಸುದ್ದಿ, ಆಮೇಲೆ ಉಳಿದದ್ದು.

ನೀವು ನನ್ನ ಸುದ್ದಿಯೇ ಇಲ್ಲದೆ ಇದ್ದೀರಿ ಎಂದೇನೂ ನಾನು ನಂಬಿಲ್ಲ. ಪ್ರತಿ ಗುರುವಾರ ಅಮ್ಮ ನನ್ನ ಜೊತೆ ಫೋನಿನಲ್ಲಿ ಮಾತಾಡುವಾಗ ನೀವು ರೇಡಿಯೋ ಸಣ್ಣ ಮಾಡುತ್ತೀರಂತಲ್ಲ. "ಯಾಕ್ರೀ ಅಂದ್ರೆ ವಾರ್ತೆ ಮುಗೀತು ಅಂತಾರೆ ಕಣೇ. ಎಂಟು ಗಂಟೆ ವಾರ್ತೆ ಎಂಟೂ ಎರಡಕ್ಕೇ ಮುಗಿದುಹೋಗುತ್ತಾ?" ಎಂದು ಅಮ್ಮ ನಗುತ್ತಿದ್ದಳು. ನಾನೂ ನಕ್ಕೆ. ಆಮೇಲೆ ಫೋನಿನಲ್ಲಿ ಸ್ವಲ್ಪ ಜೋರಾಗಿ ಮಾತಾಡುವುದನ್ನು ರೂಢಿ ಮಾಡಿಕೊಂಡೆ.

ವಿಷಯ ಇಷ್ಟು. ಬರುವ ಶನಿವಾರ ಸಂಜೆ ಐದಕ್ಕೆ ನಮ್ಮ ಕಾಲೇಜಿನ ಸಭಾಂಗಣದಲ್ಲಿ ನಾವು ಮಾಡಿದ ಹಾಡಿನ ವಿಡಿಯೋ ತೋರಿಸುತ್ತಾರೆ. ನೀವು ಬರಬೇಕು. ಇಪ್ಪತ್ತಾರು ವರ್ಷದಿಂದ ಡ್ರೈವಿಂಗ್ ಶಾಲೆ ನಡೆಸುವವರ ಒಬ್ಬಳೇ ಮಗಳು ನಿಮ್ಮ ಹಾಗೆ ಕಲಿಸಲು ಶಾಲೆಯ ಎರಡನೇ ಕಾರಿನ ಕೀಲಿ ಹಿಡಿಯದೆ, ಹಾಡಿಗೆ ಚಿತ್ರ ಹಿಡಿಯುವ ಕೋರ್ಸಿಗೆ ಸೇರಿದ್ದು ನಿಮಗೆ ಹಿಡಿಸಲಿಲ್ಲ. ಹೊರಡುವ ದಿನ ನೀವೊಂದು ಮಾತು ಕೇಳಿದಿರಿ, ನಾನೊಂದು ಮಾತು ಹೇಳಿದೆ. ಅಂದಿನಿಂದ ನಾವಿಬ್ಬರೂ ಮಾತಾಡಿಲ್ಲ. ಶನಿವಾರ ಎಷ್ಟು ಅಂಕ ಬರುತ್ತದೋ ಬರಲಿ, ನೀವು ಆ ಬಾಗಿಲಿನಿಂದ ಒಳಗೆ ಬರುತ್ತೀರೋ ಇಲ್ಲವೋ, ನನಗೆ ಪರೀಕ್ಷೆ ಅದು.

ಈಗ ಕೇಳಿ, ಹಾಡಿನ ಕಥೆ.

ಚೀಟಿ ಎತ್ತಿ ಮೂರು ಮೂರು ಜನರ ಗುಂಪು ಮಾಡಿದರು. ನನ್ನ ಪಾಲಿಗೆ ಬಂದವರು ಇಬ್ಬರು. ಒಬ್ಬ ಕ್ಯಾಮೆರಾ ಹಿಡಿಯುವವನು, ಆರಡಿ ಮೂರಂಗುಲ, ನಾವು ಅವನನ್ನು ಏಣಿ ಎನ್ನುತ್ತೇವೆ. ಇನ್ನೊಬ್ಬಳು ಹಾಡು ಬರೆದು ತಾನೇ ಹಾಡುವವಳು, ಇಷ್ಟೇ ಇಷ್ಟಿದ್ದಾಳೆ, ಹೆಸರು ಗುಬ್ಬಿ. ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ನಿಲ್ಲಿಸಿದರೆ ಒಬ್ಬರ ತಲೆ ಹೋಗುತ್ತದೆ, ಇಲ್ಲವೇ ಇನ್ನೊಬ್ಬರು ಪೂರ್ತಿ ಹೋಗುತ್ತಾರೆ. ಏನು ತೆಗೆಯಬೇಕು, ಹೇಗೆ ತೆಗೆಯಬೇಕು ಎಂದು ಹೇಳುವ ಕೆಲಸ ನನ್ನದು. ಬಾಯಿ ಇದ್ದವರಿಗೆ ಬರಗಾಲವಿಲ್ಲ ಎನ್ನುತ್ತಿದ್ದಿರಲ್ಲ, ನೋಡಿ.

ಗುಬ್ಬಿಯ ಹಾಡು ಮನೆ ಬಿಟ್ಟು ಹೊರಡುವವಳದ್ದು. ‘ಹೊರಟೆ ನಾನು ಬಾಗಿಲ ತೆರೆದು’ ಎಂದು ಮೊದಲಾಗುತ್ತದೆ. ನಾವು ಹದಿನೈದು ದಿನ ಕೂತು ಕೋಣೆಯ ಗೋಡೆಯ ತುಂಬ ಚೀಟಿ ಅಂಟಿಸಿ ಯೋಜನೆ ಮಾಡಿದೆವು: ಪೆಟ್ಟಿಗೆ, ಬಸ್ ನಿಲ್ದಾಣ, ಕಿಟಕಿಗೆ ಒರಗಿದ ಕೆನ್ನೆ. ನಮ್ಮ ಮೇಡಂ ಎಲ್ಲ ಚೀಟಿಗಳನ್ನೂ ಓದಿ ಕನ್ನಡಕ ತೆಗೆದಿಟ್ಟರು. "ಹಾಡಲ್ಲಿ ಹೊರಟೆ ಅಂತಾಳೆ, ಚಿತ್ರದಲ್ಲೂ ಹೊರಡ್ತಾಳೆ. ಕಿವಿಗೆ ಹೇಳಿದ್ದನ್ನೇ ಕಣ್ಣಿಗೂ ಹೇಳೋದಾದ್ರೆ ಕಣ್ಣು ಯಾತಕ್ಕಮ್ಮಾ?" ಎಂದರು. ಹದಿನೈದು ದಿನದ ಕೆಲಸ ನೀರಿನಲ್ಲಿ ಹೋಮ ಮಾಡಿದಂತಾಯಿತು.

ಅದೇ ಸಂಜೆ ಏಣಿ ತಾನು ಪ್ರಯೋಗಕ್ಕೆಂದು ತೆಗೆದಿದ್ದ, ಗುಬ್ಬಿ ಬಾಗಿಲು ತೆರೆದು ಹೋಗುವ ಒಂದು ತುಣುಕನ್ನು ಮತ್ತೆ ಮೊದಲಿಂದ ನೋಡಲು ಹಿಂದಕ್ಕೆ ಓಡಿಸುತ್ತಿದ್ದ. ಪರದೆಯ ಮೇಲೆ ಗುಬ್ಬಿ ಹಿಮ್ಮುಖವಾಗಿ ಬಂದು, ಮೆಟ್ಟಿಲು ಹತ್ತಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹಾಡು ಹೋಗಲಿ, ಚಿತ್ರ ಬರಲಿ! ನಾನು ಕುರ್ಚಿಯ ಮೇಲೆ ಹತ್ತಿ ಕುಣಿದೆ. ಕೆಳಗಿನ ಮನೆಯವರು ಪೊರಕೆಯಿಂದ ಸೂರು ಕುಟ್ಟಿದರು.

ನಿಮಗೆ ಬಿಡಿಸಿ ಹೇಳುತ್ತೇನೆ. ಇಡೀ ಹಾಡು ಒಂದೇ ಓಟ, ಮೂರು ನಿಮಿಷ ನಲವತ್ತು ಸೆಕೆಂಡು, ನಡುವೆ ಎಲ್ಲೂ ಕತ್ತರಿಸುವಂತಿಲ್ಲ. ತೆಗೆದ ಮೇಲೆ ಪೂರ್ತಿ ಹಿಂದುಮುಂದು ಮಾಡುವುದು. ತೆಗೆಯುವಾಗ ಬುಟ್ಟಿಯಿಂದ ಕಿತ್ತಳೆ ಉರುಳಿಸಿದರೆ ನೋಡುವಾಗ ಅವು ಉರುಳಿ ಬಂದು ಬುಟ್ಟಿ ಸೇರುತ್ತವೆ. ದಿಂಬು ಹರಿದು ಹತ್ತಿ ಹಾರಿಸಿದರೆ, ನೋಡುವಾಗ ಹತ್ತಿಯೆಲ್ಲ ಹಾರಿ ಬಂದು ದಿಂಬಾಗುತ್ತದೆ. ಗುಬ್ಬಿ ಮನೆಗೆ ಬರುವ ದಾರಿಯಲ್ಲಿ ಕೆಟ್ಟದ್ದೆಲ್ಲ ಸರಿಹೋಗುತ್ತಾ ಬರಬೇಕು. ಆದರೆ ಮನುಷ್ಯರು ಮಾತ್ರ ಸಹಜವಾಗಿ ಮುಂದಕ್ಕೆ ನಡೆಯುವಂತೆ ಕಾಣಬೇಕು. ಅಂದರೆ ತೆಗೆಯುವಾಗ ಬೀದಿಯ ಜನರೆಲ್ಲ ಹಿಂದಕ್ಕೆ ನಡೆಯಬೇಕು. ಗುಬ್ಬಿ ಹಿಂದಕ್ಕೆ ನಡೆಯುವುದಷ್ಟೇ ಅಲ್ಲ, ಹಾಡನ್ನೂ ಹಿಂದಿನಿಂದ ಹಾಡಬೇಕು, ಇಲ್ಲದಿದ್ದರೆ ನೋಡುವಾಗ ತುಟಿ ಹಾಡಿಗೆ ಕೂಡುವುದಿಲ್ಲ.

ಪಾಪದ ಗುಬ್ಬಿ. ಏಣಿ ಹಾಡನ್ನು ತಿರುಗಿಸಿ ಕೊಟ್ಟ. ಅವಳು ಅದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದಳು. ಮೊದಲ ಸಾಲು ಹೀಗೆ: ‘ಉದೆರೆತ್ ಅಲಿಗಾಬ್ ಉನಾನ್ ಎಟರೊಹ್’. ನಾಲ್ಕು ವಾರ ಅವಳು ಹಲ್ಲುಜ್ಜುವಾಗ, ಬಟ್ಟೆ ಒಗೆಯುವಾಗ ಇದೇ. ನಾವು ಆರಿಸಿದ ಬೀದಿಯಲ್ಲಿ ಒಬ್ಬ ಇಸ್ತ್ರಿ ಅಂಗಡಿಯಾಕೆ ಇದ್ದಾರೆ. ಆಕೆ ಒಂದು ದಿನ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, "ಯಾವ ದೇಶದ ಹಾಡಮ್ಮಾ ಅದು? ಅರ್ಥ ಆಗ್ಲಿಲ್ಲ, ಆದ್ರೂ ಕರುಳು ಚುರ್ ಅಂತು" ಎಂದರು. ಗುಬ್ಬಿ ಬಹಳ ಗಂಭೀರವಾಗಿ, "ನಮ್ಮ ಮನೆ ಭಾಷೆ ಆಂಟಿ" ಎಂದಳು.

ಇನ್ನು ಬೀದಿಯವರು. ಬೇಕರಿಯವರು, ಇಸ್ತ್ರಿಯಾಕೆ, ಅವರ ಅತ್ತೆ, ಎದುರು ಮನೆಯ ಇಬ್ಬರು ನರ್ಸ್‌ಗಳು, ಹೀಗೆ ಒಟ್ಟು ಹನ್ನೆರಡು ಜನ ಒಪ್ಪಿದರು. ಮೊದಲ ದಿನದ ಅಭ್ಯಾಸ ನೀವು ನೋಡಬೇಕಿತ್ತು. ಹಿಂದಕ್ಕೆ ನಡೆ ಎಂದರೆ ಜನ ಬೆನ್ನು ಬಾಗಿಸಿ, ಕತ್ತು ತಿರುಗಿಸಿ, ಕಾಲು ಎಳೆಯುತ್ತಾ ಹೋಗುತ್ತಾರೆ. ಅದನ್ನು ತಿರುಗಿಸಿ ನೋಡಿದರೆ ಬೀದಿಗೆ ಬೀದಿಯೇ ಹೊಟ್ಟೆನೋವಿನಿಂದ ಆಸ್ಪತ್ರೆಗೆ ಹೊರಟಂತಿತ್ತು. ಬೇಕರಿಯವರು ಅತ್ತೆಯವರಿಗೆ ಡಿಕ್ಕಿ ಹೊಡೆದರು. ಅತ್ತೆ, "ಕಣ್ಣು ಕಾಣಲ್ವೇನಪ್ಪಾ?" ಎಂದರು. "ಹಿಂದೆ ಯಾರಿಗಮ್ಮಾ ಕಣ್ಣಿರುತ್ತೆ!" ಎಂದು ಅವರು. ಜಗಳ ನಿಂತಾಗ ಅರ್ಧ ಗಂಟೆ ಹೋಗಿತ್ತು.

ಆಗ ನನ್ನ ಬಾಯಿಂದ ನಿಮ್ಮ ಮಾತು ಬಂತು. ನಾನು ಕರೆಯಲಿಲ್ಲ, ಅದಾಗಿಯೇ ಬಂತು. "ಹಿಂದೆ ನೋಡ್ಬೇಡಿ. ಎದುರಿಗೆ ಒಂದು ಗುರುತು ಹಿಡ್ಕೊಳಿ. ಅದು ನೇರ ಇದ್ರೆ ನೀವೂ ನೇರ ಹೋಗ್ತಾ ಇದ್ದೀರಿ ಅಂತ ಅರ್ಥ." ಸೀಮೆಸುಣ್ಣ ತಂದು, ನೀವು ಮೈದಾನದಲ್ಲಿ ಕಲಿಯುವವರಿಗೆ ಎಳೆಯುವ ಹಾಗೆ, ನೆಲದ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಗೆರೆ ಎಳೆದೆ. ಎಲ್ಲರಿಗೂ ಅವಸರ. "ಅರ್ಧ ಕ್ಲಚ್! ಅರ್ಧ ಕ್ಲಚ್!" ಎಂದು ಕೂಗಿದೆ. ಜೀವಮಾನದಲ್ಲಿ ಕಾರಿನ ಬಾಗಿಲು ಮುಟ್ಟದ ಅತ್ತೆಯವರಿಗೆ ಅದು ಹೇಗೆ ಅರ್ಥವಾಯಿತೋ ಕಾಣೆ, ಅವರೇ ಎಲ್ಲರಿಗಿಂತ ಚೆನ್ನಾಗಿ ಹಿಂದಕ್ಕೆ ನಡೆದರು. ಮೂರನೇ ಭಾನುವಾರದ ಹೊತ್ತಿಗೆ ಬೀದಿಯ ಮಕ್ಕಳು ಅಂಗಡಿಗೆ ಹೋಗುವುದೂ ಹಿಮ್ಮುಖವಾಗಿ, "ಅರ್ಧ ಕ್ಲಚ್" ಎಂದುಕೊಂಡು.

ಕ್ಯಾಮೆರಾಕ್ಕೆ ಗಾಡಿ ಬೇಕಿತ್ತು. ಬೇಕರಿಯವರು ಬ್ರೆಡ್ ಸಾಗಿಸುವ ತಳ್ಳುಗಾಡಿ ಕೊಟ್ಟರು, ಅದು ಮಹಾ ಕುಲುಕುತ್ತಿತ್ತು. ಟೈರಿನ ಗಾಳಿ ಸ್ವಲ್ಪ ಇಳಿಸಿದೆ, ಎಣ್ಣೆ ಹಚ್ಚಿದಂತಾಯಿತು. "ಇದೆಲ್ಲ ಎಲ್ಲಿ ಕಲಿತೆ?" ಎಂದು ಏಣಿ ಕೇಳಿದ. ಮನೆಯಲ್ಲಿ ಎಂದೆ.

ಶೂಟಿಂಗು ಹೋದ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ. ಆರೂವರೆಯಿಂದ ಒಂಬತ್ತರವರೆಗೆ ಬೀದಿ ನಮ್ಮದು. ಇಸ್ತ್ರಿ ಅಂಗಡಿಯ ಪಕ್ಕದ ನೀಲಿ ಬಾಗಿಲಿನಿಂದ ಶುರು, ಎಂಬತ್ತು ಹೆಜ್ಜೆ ಆಚೆ ಮೂಲೆಯ ಅಂಚೆ ಡಬ್ಬಿಯ ಹತ್ತಿರ ಕೊನೆ. ಗುಬ್ಬಿ ಬಾಗಿಲ ಕಡೆ ಮುಖ ಮಾಡಿ ಹಾಡುತ್ತಾ ಹಿಂದಕ್ಕೆ ಹೋಗುತ್ತಾಳೆ, ಗಾಡಿಯ ಮೇಲಿನ ಕ್ಯಾಮೆರಾ ಅವಳನ್ನೇ ನೋಡುತ್ತಾ ಹಿಂಬಾಲಿಸುತ್ತದೆ. ನಾನು ಗಾಡಿಯ ಪಕ್ಕ ನಡೆಯುತ್ತಾ ಸನ್ನೆ ಮಾಡಬೇಕು. ಹರಿಯಲು ಇದ್ದ ದಿಂಬು ಆರು. ಆರನೆಯದು ಅಮ್ಮ ಕಳಿಸಿದ ಹಳೇ ದಿಂಬು.

ಮೊದಲ ಸಲ ಗುಬ್ಬಿ ಸೀನಿದಳು. ತಿರುಗಿಸಿದ ಸೀನು ಹೇಗಿರುತ್ತದೆಂದು ನೋಡುವ ಆಸೆಯಾಯಿತು, ಸಮಯವಿರಲಿಲ್ಲ. ಎರಡನೇ ಸಲ ಕಿತ್ತಳೆ ಚರಂಡಿಗೆ ಹೋದವು. ಮೂರನೇ ಸಲ ನರ್ಸ್ ಒಬ್ಬಳು ಅಭ್ಯಾಸಬಲದಿಂದ ಗುಬ್ಬಿಗೆ ದಾರಿ ಬಿಟ್ಟು, "ಹೋಗಮ್ಮಾ" ಎಂದಳು. ನಾಲ್ಕು, ಐದರ ಕಥೆ ಬೇಡ. ಎಂಟೂ ಮುಕ್ಕಾಲಾಯಿತು. ಉಳಿದದ್ದು ಅಮ್ಮನ ದಿಂಬು ಒಂದೇ. ಬೇಕರಿಯವರು, "ಈ ಸಲ ಆಗುತ್ತೆ ಕಣಮ್ಮಾ, ನನ್ನ ಹೊಟ್ಟೆ ಹೇಳ್ತಾ ಇದೆ" ಎಂದರು. "ನಿಮ್ಮ ಹೊಟ್ಟೆ ತಿಂಡಿ ಕೇಳ್ತಾ ಇರಬೇಕು" ಎಂದರು ಅತ್ತೆ.

ಆಯಿತಪ್ಪಾ! ಆರನೇ ಸಲ ಆಯಿತು. ಗುಬ್ಬಿಯ ಬೆನ್ನು ಅಂಚೆ ಡಬ್ಬಿಯ ಹತ್ತಿರ ಬಂದು, ಕೊನೆಯ ‘ಎಟರೊಹ್’ ಮುಗಿದು, ಏಣಿ ಹೆಬ್ಬೆರಳು ಎತ್ತಿದಾಗ ಹನ್ನೆರಡು ಜನರೂ ಒಟ್ಟಿಗೆ ಕಿರುಚಿದರು. ಇಸ್ತ್ರಿಯಾಕೆ ನನ್ನನ್ನು ತಬ್ಬಿಕೊಂಡರು. ತಲೆಯ ತುಂಬ ಹತ್ತಿ ಮೆತ್ತಿಕೊಂಡು ನಾವೆಲ್ಲ ರಸ್ತೆಯಲ್ಲೇ ಕೂತು ಬೇಕರಿಯ ಬಿಸಿ ಬ್ರೆಡ್ಡು, ಚಹಾ ಮುಗಿಸಿದೆವು. ಅಷ್ಟು ಸಂತೋಷವಾಗಿ ನಾನು ಯಾವತ್ತೂ ಕೂತಿರಲಿಲ್ಲ. ಅಪ್ಪ ನೋಡಬೇಕಿತ್ತು ಎಂದು ಆಗ ಅನ್ನಿಸಿತು, ಅನ್ನಿಸಿದ್ದನ್ನು ಚಹಾದ ಜೊತೆ ನುಂಗಿಕೊಂಡೆ.

ಮರುದಿನ ಕಾಲೇಜಿನ ಎಡಿಟಿಂಗ್ ಕೋಣೆಯಲ್ಲಿ ಹಾಡನ್ನು ತಿರುಗಿಸಿ ನೋಡಿದೆವು. ಕಿತ್ತಳೆಗಳು ಬುಟ್ಟಿಗೆ ಬಂದವು. ಹತ್ತಿ ದಿಂಬಾಯಿತು. ಅತ್ತೆಯವರು ರಾಣಿಯಂತೆ ಮುಂದಕ್ಕೆ ನಡೆದರು. ಒಂದೇ ಎಡವಟ್ಟು, ಬೀದಿಯ ನಾಯಿ. ಅದಕ್ಕೆ ರಿವರ್ಸ್ ಕಲಿಸುವವರು ಯಾರು? ಎಲ್ಲರೂ ಮುಂದಕ್ಕೆ ಹೋಗುತ್ತಿದ್ದರೆ ಅದೊಂದು ಬಾಲ ಮುಂದೆ ಮಾಡಿಕೊಂಡು ಹಿಂದಕ್ಕೆ ಬರುತ್ತಿತ್ತು. ನಾವು ಹೊಟ್ಟೆ ಹಿಡಿದು ನಕ್ಕೆವು. ಇನ್ನೊಮ್ಮೆ ನಗೋಣವೆಂದು ಏಣಿ ಆ ಭಾಗವನ್ನು ದೊಡ್ಡದು ಮಾಡಿದ.

ನಾಯಿಯ ಆಚೆ, ಅಂಚೆ ಡಬ್ಬಿಯ ಪಕ್ಕ ಒಬ್ಬ ಗಂಡಸು ನಿಂತಿದ್ದ. ನಮ್ಮ ಹನ್ನೆರಡು ಜನರಲ್ಲಿ ಅವನಿಲ್ಲ. ಬೂದು ಅಂಗಿ. ಕೈಯನ್ನು ಎದೆಯ ಹತ್ತಿರ ಹಿಡಿದು ಬೆರಳು ಮಡಿಸಿಕೊಂಡಿದ್ದ. ಏಣಿ ಇನ್ನಷ್ಟು ದೊಡ್ಡದು ಮಾಡಿದಾಗ ಮುಖ ಮಸುಕಾಯಿತು, ಆದರೆ ಬೆರಳು ಮಸುಕಾಗಲಿಲ್ಲ. ಕಲಿಯುವವರು ಒಂದು ತಪ್ಪು ಮಾಡಿದರೆ ಬಾಯಲ್ಲಿ ಏನೂ ಅನ್ನದೆ ಒಂದು ಬೆರಳು ಮಡಿಸುವವರು ಈ ಭೂಮಿಯ ಮೇಲೆ ನನಗೆ ಗೊತ್ತಿರುವ ಹಾಗೆ ಒಬ್ಬರೇ.

ಅಪ್ಪಾ, ನೀವು ಬಂದಿದ್ದಿರಿ.

ಅಮ್ಮನಿಗೆ ಫೋನು ಮಾಡಿದೆ. "ನಾನೇನೂ ಹೇಳಿಲ್ಲಪ್ಪ. ದಿಂಬು ಕಳಿಸಬೇಕಲ್ಲ ಅಂತ ಕ್ಯಾಲೆಂಡರ್ ಮೇಲೆ ದಿನ, ಜಾಗ ಬರೆದಿಟ್ಟಿದ್ದೆ, ಅಷ್ಟೇ" ಎಂದಳು. ಎಷ್ಟು ಅಮಾಯಕಳು ನಮ್ಮಮ್ಮ!

ಆ ಮೂರು ನಿಮಿಷ ನಲವತ್ತು ಸೆಕೆಂಡಿನಲ್ಲಿ ಬಹುಪಾಲು ನೀವು ಅಲ್ಲೇ ನಿಂತಿದ್ದಿರಿ. ನಾನು ಗುಬ್ಬಿಯ ಪಾದ ನೋಡುತ್ತಾ ನಡೆದು ನಿಮ್ಮ ಕಡೆಗೇ ಬರುತ್ತಿದ್ದೆ, ತಲೆ ಎತ್ತಲಿಲ್ಲ. ನಾವು ಹತ್ತಿರವಾದಾಗ ನೀವು ತಿರುಗಿ ಮೂಲೆ ದಾಟಿ ಹೋಗಿಬಿಟ್ಟಿರಿ. ಇನ್ನು ಹತ್ತು ಹೆಜ್ಜೆ ನಿಂತಿದ್ದರೆ ನಾನೇ ನಿಮಗೆ ಡಿಕ್ಕಿ ಹೊಡೆಯುತ್ತಿದ್ದೆ. ಆದರೆ ನಮ್ಮ ವಿಡಿಯೋ ತಿರುಗಿಸಿದ್ದಲ್ಲವೇ? ಅದರಲ್ಲಿ ನೀವು ಹೋಗುವುದಿಲ್ಲ. ಹಾಡು ಶುರುವಾಗುತ್ತಲೇ ಮೂಲೆಯಿಂದ ಹಿಮ್ಮುಖವಾಗಿ ಬರುತ್ತೀರಿ, ನಮ್ಮ ಕಡೆ ತಿರುಗುತ್ತೀರಿ, ನಿಲ್ಲುತ್ತೀರಿ. ನಾಲ್ಕು ಬೆರಳು ಮಡಿಸಿರುತ್ತವೆ. ಗುಬ್ಬಿ ಮನೆಯ ಹತ್ತಿರವಾದಂತೆ ಒಂದೊಂದೇ ಬೆರಳು ಬಿಚ್ಚಿಕೊಳ್ಳುತ್ತದೆ. ಅವಳು ನೀಲಿ ಬಾಗಿಲು ಸೇರುವಾಗ ದೂರದಲ್ಲಿ, ಇಷ್ಟು ಚಿಕ್ಕದಾಗಿ, ಕೈ ಪೂರ್ತಿ ತೆರೆದುಕೊಂಡು ನೀವಿನ್ನೂ ಅಲ್ಲೇ ಇದ್ದೀರಿ. ನಾನು ಎಡಿಟಿಂಗ್ ಕೋಣೆಯಲ್ಲಿ ಗೊಳೋ ಎಂದು ಅತ್ತೆ. ಏಣಿ ಏನು ಮಾಡಲೂ ತೋಚದೆ ಕ್ಯಾಮೆರಾ ಒರೆಸುವ ಬಟ್ಟೆ ಕೊಟ್ಟ.

ಮೇಡಂ ನೋಡಿದರು. "ನಾಯಿಗೆ ಕ್ಷಮೆ ಇದೆ, ಮನುಷ್ಯನಿಗೆ ಇಲ್ಲ. ಹಿಂದಕ್ಕೆ ಬರ್ತಾ ಇರೋ ಆ ವ್ಯಕ್ತಿಯನ್ನ ಅಳಿಸಿಬಿಡು, ಒಂದು ಗಂಟೆ ಕೆಲಸ. ಇಲ್ಲಾಂದ್ರೆ ಅಂಕ ಹೋಗುತ್ತೆ" ಎಂದರು. ಅಳಿಸುವುದಿಲ್ಲ ಎಂದೆ. ಯಾಕೆ ಎಂದರು. ನಮ್ಮಪ್ಪ ಎಂದೆ. ಅವರು ಮತ್ತೊಮ್ಮೆ ಮೊದಲಿಂದ ಕೊನೆಯವರೆಗೆ ನೋಡಿ, "ಹಾಗಾದ್ರೆ ಕೊನೇಲಿ ಎಲ್ಲರ ಹೆಸರು ಬರುವಾಗ ಅವರದ್ದೂ ಬರಬೇಕಲ್ಲ. ಏನಂತ ಹಾಕ್ತೀಯ?" ಎಂದು ಕೇಳಿದರು. ‘ಹಿಂದಕ್ಕೆ ನಡೆಯಲು ಕಲಿಸಿದವರು’ ಎಂದು ಹಾಕಿದ್ದೇನೆ. ಎಷ್ಟು ಅಂಕ ಕಳೆಯುತ್ತಾರೋ ಕಳೆಯಲಿ.

ಈಗ ಒಂದು ಅನುಮಾನ ಪರಿಹರಿಸಿ. ನಮ್ಮ ಲೆಕ್ಕಕ್ಕೆ ಸಿಕ್ಕಿದ್ದು ಮೂರೇ ತಪ್ಪು: ಬೇಕರಿಯವರು ಕ್ಯಾಮೆರಾ ನೋಡಿ ಹಲ್ಲು ಬಿಟ್ಟದ್ದು, ದಿಂಬು ಒಂದು ತಾಳ ತಡವಾಗಿ ಹರಿದದ್ದು, ನಾಯಿ. ನೀವು ಮಡಿಸಿದ್ದು ನಾಲ್ಕು. ಮೂವರೂ ಹದಿನೇಳು ಸಲ ನೋಡಿದೆವು, ನಾಲ್ಕನೆಯದು ಸಿಗಲೇ ಇಲ್ಲ. ಗುಬ್ಬಿ ನಿದ್ದೆಗೆಟ್ಟಿದ್ದಾಳೆ.

ಅಮ್ಮನಿಗೂ ನಿಮಗೂ ನಮಸ್ಕಾರ. ದೊಡ್ಡವರು ಹರಸಬೇಕು ನಿಜ, ಆದರೆ ಸಣ್ಣವಳು ಹರಸಿದರೆ ನಷ್ಟವೇನಿಲ್ಲ: ನಿಮ್ಮ ಮಂಡಿ ನೆಟ್ಟಗಾಗಲಿ, ಹೊಸದಾಗಿ ಸೇರುವವರಿಗೆ ಎಡ ಯಾವುದು ಬಲ ಯಾವುದು ಎಂದು ಮೊದಲೇ ಗೊತ್ತಿರಲಿ, ಅಮ್ಮನ ಕ್ಯಾಲೆಂಡರ್ ಹೀಗೇ ಎಲ್ಲರ ಕಣ್ಣಿಗೂ ಬೀಳುವ ಜಾಗದಲ್ಲಿರಲಿ.

ಇಂತಿ,
ನಿಮ್ಮ ಮಗಳು
ಅವಸರಿ (ನೀವು ಕರೆಯುತ್ತಿದ್ದ ಹೆಸರೇ)

ತಾಜಾ ಕಲಂ: ಬರೆಯಲು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಮೊದಲ ಸಾಲಿನಿಂದ ಇದನ್ನೇ ಮುಂದಕ್ಕೆ ತಳ್ಳಿಕೊಂಡು ಬಂದೆ. ಹೊರಟ ದಿನ ನೀವು, "ಹಾಡಿಗೆ ಚಿತ್ರ ಹಿಡಿದು ಎಲ್ಲಿಗೆ ಹೋಗಿ ಮುಟ್ತೀಯ?" ಎಂದು ಕೇಳಿದಿರಿ. ನಾನು ಬಾಗಿಲಲ್ಲಿ ನಿಂತು, "ಇಪ್ಪತ್ತಾರು ವರ್ಷ ಪಕ್ಕದ ಸೀಟಲ್ಲಿ ಕೂತ್ಕೊಂಡ್ರಲ್ಲ, ಊರವರೆಲ್ಲ ಓಡಿಸ್ಕೊಂಡು ಹೋದ್ರು, ನೀವು ಎಲ್ಲಿಗೆ ಹೋದ್ರಿ?" ಎಂದೆ. ನೀವು ಕೊಡೆ ತಗೊಂಡಿದ್ದೀಯಾ ಎಂದಷ್ಟೇ ಕೇಳಿದಿರಿ. ಅಂದು ಸಂಜೆಯ ಕ್ಲಾಸನ್ನು ನೀವು ರದ್ದು ಮಾಡಿದ್ದನ್ನು ಅಮ್ಮ ಆರು ತಿಂಗಳಾದ ಮೇಲೆ ಹೇಳಿದಳು. ನಾನು ಹುಟ್ಟಿದ ದಿನ ಬಿಟ್ಟರೆ ನೀವು ಕ್ಲಾಸು ತಪ್ಪಿಸಿದ್ದು ಅದೊಂದೇ ಸಲವಂತೆ.

ಅಭ್ಯಾಸದ ದಿನಗಳಲ್ಲಿ ಬೀದಿಯ ಬದಿಯಲ್ಲಿ ನಿಂತು ಹನ್ನೆರಡು ಜನ ಹಿಂದಕ್ಕೆ ನಡೆಯುವುದನ್ನು ನೋಡುತ್ತಿದ್ದೆ. ಯಾರಾದರೂ ಯಾರಿಗಾದರೂ ತಗುಲುವ ಹಾಗಾದರೆ ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ನಿಮ್ಮ ಸೀಟಿನ ಕೆಳಗೆ ಕಲಿಸುವವರಿಗೆಂದು ಇರುವ ಎರಡನೇ ಬ್ರೇಕನ್ನು ನೀವು ಒತ್ತುವ ಹಾಗೆ. ಸಂಜೆ ಕೋಣೆಗೆ ಬಂದರೆ ಕಾಲು ನೋಯುತ್ತಿತ್ತು. ನಿಮ್ಮ ಮಂಡಿ ಯಾಕೆ ನೋಯುತ್ತದೆಂದು ಇಪ್ಪತ್ತನಾಲ್ಕು ವರ್ಷ ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಆ ಮಾತಿಗೆ ನನಗೆ ನಾಚಿಕೆಯಾಗಿದೆ ಅಪ್ಪಾ. ಹಾಡನ್ನು ತಿರುಗಿಸಿದ ಹಾಗೆ ಅದನ್ನು ತಿರುಗಿಸಲಾಗುವುದಿಲ್ಲ, ತಪ್ಪಾಯಿತು ಎಂದು ಹೇಳಬಹುದು, ಹೇಳುತ್ತಿದ್ದೇನೆ.

ಶನಿವಾರ ಹೊರಗೆ ನಿಂತು ನೋಡಿ ಹೊರಟುಬಿಡಬೇಡಿ. ಒಳಗೆ ಬನ್ನಿ. ನಾನು ಮುಂದಿನ ಸಾಲಿನಲ್ಲಿ ಇರುತ್ತೇನೆ, ಪಕ್ಕದ ಸೀಟಿನ ಮೇಲೆ ನನ್ನ ಕೊಡೆ ಇಟ್ಟಿರುತ್ತೇನೆ. ಅದನ್ನು ತೆಗೆದು ಕೆಳಗಿಟ್ಟು ಕೂತುಕೊಳ್ಳಿ.